ಅಪ್ಪ ಕುರ್ಚಿಯಿಂದ ಏಳುತ್ತಿಲ್ಲ: ತೊಂದರೆ ಕಾಲಿನದೋ, ಮನಸ್ಸಿನದೋ?

ಪ್ರಶ್ನೆ: ನನ್ನ ತಂದೆಗೆ 72 ವರ್ಷ. ನಿವೃತ್ತ ಹೈಸ್ಕೂಲು ಮೇಷ್ಟ್ರು. ದಾವಣಗೆರೆಯಲ್ಲಿ ಅಮ್ಮನ ಜೊತೆ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಸಸ್ಯಾಹಾರಿ. ಶುಗರ್‌ಗೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಎಂಟು ತಿಂಗಳ ಹಿಂದೆ ನ್ಯುಮೋನಿಯಾ ಆಗಿ 11 ದಿನ ಆಸ್ಪತ್ರೆಯಲ್ಲಿದ್ದರು. ಕೆಮ್ಮು, ಜ್ವರ ಗುಣವಾಯಿತು, ಆದರೆ ಮೊದಲಿನ ಅಪ್ಪ ವಾಪಸ್ ಬರಲಿಲ್ಲ. ತೂಕ 61 ಕೆಜಿಯಿಂದ 54ಕ್ಕೆ ಇಳಿದಿದೆ. ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಾರೆ. ದಿನಾ ಗೆಳೆಯರ ಜೊತೆ ಪಾರ್ಕಿಗೆ ಹೋಗುತ್ತಿದ್ದವರು ಈಗ ಗೇಟು ದಾಟುವುದಿಲ್ಲ. ಪೇಪರ್ ಓದುವುದನ್ನೂ ಬಿಟ್ಟಿದ್ದಾರೆ. ಏನು ಕೇಳಿದರೂ 'ಸಾಕು ಬಿಡಮ್ಮ, ಇನ್ನೇನಿದೆ' ಅನ್ನುತ್ತಾರೆ. ನಿದ್ರೆಗೆ ಮಾತ್ರೆ ಬೇಕು. ವಯಸ್ಸಾಯ್ತು, ಸುಮ್ನೆ ಬಿಡು ಅಂತ ಅಣ್ಣ. ಮಾನಸಿಕ ವೈದ್ಯರಿಗೆ ತೋರಿಸೋಣ ಅಂತ ಅತ್ತಿಗೆ. ಇದು ಮೈಯ ತೊಂದರೆಯೋ, ಮನಸ್ಸಿನದೋ? ಮೊದಲು ಯಾರ ಹತ್ತಿರ ಹೋಗಬೇಕು?

ಉತ್ತರ: ಎರಡೂ ಇರುವ ಸಾಧ್ಯತೆಯೇ ಜಾಸ್ತಿ. ಎರಡಕ್ಕೂ ಈ ವಾರವೇ ಕೆಲಸ ಶುರುವಾಗಬೇಕು. ಮೈ ಮೊದಲೋ ಮನಸ್ಸು ಮೊದಲೋ ಎಂದು ಮನೆಯಲ್ಲಿ ಚರ್ಚೆ ನಡೆದಷ್ಟು ದಿನವೂ ಅವರ ತೊಡೆ ಕರಗುತ್ತಲೇ ಇರುತ್ತದೆ.

ನಿಮ್ಮ ಅಣ್ಣನ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಯಾರೂ ಎಂಟು ತಿಂಗಳಲ್ಲಿ ಏಳು ಕೆಜಿ ಇಳಿಯುವುದಿಲ್ಲ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಮಾಂಸಖಂಡ ಎಲ್ಲರಿಗೂ ಕಡಿಮೆಯಾಗುತ್ತದೆ, ನಿಜ. 60ರ ನಂತರ ಅದರ ವೇಗ ಹೆಚ್ಚುತ್ತದೆ. ಬಲವಂತೂ ಮಾಂಸಖಂಡಕ್ಕಿಂತ ಬೇಗ ಇಳಿಯುತ್ತದೆ. ಆದರೆ ನಿಮ್ಮ ತಂದೆಗೆ ಆಗಿರುವುದು ಈ ನಿಧಾನದ ಇಳಿತ ಅಲ್ಲ. ಹತ್ತು ವರ್ಷಕ್ಕೆ ಆಗಬೇಕಾದದ್ದು ಕೆಲವೇ ತಿಂಗಳಲ್ಲಿ ಆಗಿದೆ.

ಹೇಗೆ ಅಂತೀರಾ? ಹಾಸಿಗೆ. 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಾಗಿದ್ದ 12 ಹಿರಿಯರನ್ನು ಹತ್ತು ದಿನ ಹಾಸಿಗೆಯ ಮೇಲೇ ಇರಿಸಿದರು. ಯಾವ ಕಾಯಿಲೆಯೂ ಇಲ್ಲ, ಊಟ ಹೊತ್ತು ಹೊತ್ತಿಗೆ. ಆದರೂ ಹತ್ತೇ ದಿನದಲ್ಲಿ ಕಾಲುಗಳಲ್ಲೇ ಸುಮಾರು ಒಂದು ಕೆಜಿ ಮಾಂಸಖಂಡ ಹೋಗಿತ್ತು. ನಿಮ್ಮ ತಂದೆ ಮಲಗಿದ್ದು 11 ದಿನ. ಅದರ ಮೇಲೆ ಜ್ವರ, ಸೋಂಕು. ಊಟ ಸೇರದೆ ಗಂಜಿ, ಎಳನೀರಿನ ಮೇಲೆ ಇದ್ದಿರುತ್ತಾರೆ. ಸೋಂಕಿನ ವಿರುದ್ಧ ಹೋರಾಡುವಾಗ ದೇಹ ತನ್ನ ಮಾಂಸಖಂಡವನ್ನೇ ಒಡೆದು ಬಳಸಿಕೊಳ್ಳುತ್ತದೆ. ಎಳೆಯರಾದರೆ ಮತ್ತೆ ಓಡಾಡುತ್ತಾ ತುಂಬಿಕೊಳ್ಳುತ್ತಾರೆ. 70 ದಾಟಿದವರಿಗೆ ಅದು ತಾನಾಗಿ ತುಂಬುವುದಿಲ್ಲ, ನಾವು ತುಂಬಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ. ಕಾಲಿನ ಬಲ ವಾಪಸ್ ತರುವ ಬಗ್ಗೆ ಒಂದು ಸಾಲು ಇರುವುದು ಬಹಳ ಅಪರೂಪ. ಇದು ನನಗೆ ತುಂಬಾ ಬೇಸರದ ವಿಷಯ.

ಹೀಗೆ ವಯಸ್ಸಿನಲ್ಲಿ ಮಾಂಸಖಂಡ ಮತ್ತು ಬಲ ಕುಸಿಯುವುದಕ್ಕೆ ಸಾರ್ಕೊಪೀನಿಯಾ ಅನ್ನುತ್ತೇವೆ. ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯರು ಈ ಹೆಸರು ಕೊಟ್ಟದ್ದು 1989ರಲ್ಲಿ. ಅಮೆರಿಕದ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸಂಖ್ಯೆ ಸಿಕ್ಕಿದ್ದು 2016ರಲ್ಲಿ. ಅಷ್ಟು ಹೊಸದು. ಅದಕ್ಕೇ ಎಷ್ಟೋ ಕಡೆ ಬಿಪಿ, ಶುಗರ್ ನೋಡುತ್ತಾರೆ, ರೋಗಿ ಕುರ್ಚಿಯಿಂದ ಹೇಗೆ ಏಳುತ್ತಾರೆ ಅಂತ ನೋಡುವುದಿಲ್ಲ.

ಅದನ್ನು ನೀವೇ ನೋಡಬಹುದು. ಮುಂದಿನ ಸಲ ಊರಿಗೆ ಹೋದಾಗ ಒಂದು ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅಪ್ಪ ಬರಿಗಾಲಲ್ಲಿ ಕೂರಲಿ, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಲಿ. ಪಕ್ಕದಲ್ಲೇ ನೀವು ನಿಂತಿರಬೇಕು. ಪೂರ್ತಿ ಎದ್ದು, ಪೂರ್ತಿ ಕೂತು, ಹೀಗೆ ಐದು ಸಲ. ಮೊಬೈಲ್‌ನಲ್ಲಿ ಸಮಯ ನೋಡಿ. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿಕೊಂಡ ಅಳತೆಯ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಬಲ ಕುಗ್ಗಿದೆ ಎಂದರ್ಥ. ಕೈ ಊರದೆ ಒಂದು ಸಲವೂ ಏಳಲು ಆಗದಿದ್ದರೆ ಬಲವಂತ ಮಾಡಬೇಡಿ, ಉತ್ತರ ಅಲ್ಲೇ ಸಿಕ್ಕಿತು. ಇನ್ನೊಂದು ಅಳತೆಗೆ ಟೈಲರ್ ಟೇಪ್ ಸಾಕು. ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ತೆಗೆಯಿರಿ. ಗಂಡಸರಲ್ಲಿ 34 ಸೆಂಟಿಮೀಟರ್, ಹೆಂಗಸರಲ್ಲಿ 33ಕ್ಕಿಂತ ಕಡಿಮೆ ಇದ್ದರೆ ಅನುಮಾನ ಪಡಬೇಕು. ಕಾಲು ಊದಿದ್ದರೆ ಈ ಟೇಪ್ ಲೆಕ್ಕ ನಂಬಬೇಡಿ. ಈ ಎರಡೂ ಸಂಖ್ಯೆಯನ್ನು ತಾರೀಖಿನ ಜೊತೆ ಬರೆದಿಡಿ, ವೈದ್ಯರಿಗೆ ತೋರಿಸಿ.

ಈಗ ಮನಸ್ಸಿನ ಕಡೆ ಬರೋಣ. ಬಲ ಹೋದರೆ ಬೇಸರ ಆಗುವುದು ಸಹಜ ಅಲ್ವಾ ಅಂತ ನೀವು ಕೇಳಬಹುದು. ಹೌದು, ಸ್ವಲ್ಪ ಮಟ್ಟಿಗೆ. ಒಂದು ಸಲ ಬಚ್ಚಲಲ್ಲಿ ಕಾಲು ತಡವರಿಸಿದವರಿಗೆ ಬೀಳುವ ಭಯ ಹತ್ತುತ್ತದೆ. ಪಾರ್ಕಿನಲ್ಲಿ ಗೆಳೆಯರ ಹೆಜ್ಜೆಗೆ ಸರಿಯಾಗಿ ನಡೆಯಲು ಆಗದಿದ್ದರೆ ಅವಮಾನ ಅನ್ನಿಸುತ್ತದೆ. ಅದನ್ನು ಯಾರಿಗೂ ಹೇಳುವುದಿಲ್ಲ. 'ಯಾಕೋ ಬೇಡ' ಅಂದು ಮನೆಯಲ್ಲಿ ಕೂರುತ್ತಾರೆ. ಕೂತಷ್ಟೂ ಕಾಲು ಇನ್ನಷ್ಟು ಸೋಲುತ್ತದೆ. ಮಾತಾಡುವವರು ಕಡಿಮೆಯಾಗುತ್ತಾರೆ, ಹಸಿವು ಸಾಯುತ್ತದೆ, ಹಗಲು ತೂಕಡಿಸಿ ರಾತ್ರಿ ನಿದ್ರೆ ಕೆಡುತ್ತದೆ.

ಆದರೆ ಇದರ ಕೆಳಗೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಮಾಂಸಖಂಡ ಬರೀ ಭಾರ ಎತ್ತುವ ಅಂಗ ಅಲ್ಲ. ಕೆಲಸ ಮಾಡುವಾಗ ಅದು ರಕ್ತಕ್ಕೆ ಹಲವು ರಾಸಾಯನಿಕಗಳನ್ನು ಬಿಡುತ್ತದೆ. ಅವುಗಳಲ್ಲಿ ಕೆಲವು ದೇಹದ ಒಳಗಿನ ಉರಿಯೂತವನ್ನು ತಗ್ಗಿಸುತ್ತವೆ. ಉರಿಯೂತ ಇದ್ದಾಗ, ಒತ್ತಡ ಇದ್ದಾಗ ರಕ್ತದಲ್ಲಿ ಕೈನ್ಯುರೆನಿನ್ ಎಂಬ ವಸ್ತು ಹೆಚ್ಚುತ್ತದೆ. ಇದು ಮೆದುಳಿಗೆ ಹೋಗುತ್ತದೆ, ಖಿನ್ನತೆಯ ಜೊತೆ ಇದಕ್ಕೆ ನಂಟಿದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 2014ರಲ್ಲಿ ಇಲಿಗಳ ಮೇಲೆ ಒಂದು ಸಂಗತಿ ತೋರಿಸಿದರು. ಚೆನ್ನಾಗಿ ಪಳಗಿದ ಮಾಂಸಖಂಡ ಈ ಕೈನ್ಯುರೆನಿನ್ ಅನ್ನು ಬೇರೆ ರೂಪಕ್ಕೆ ತಿರುಗಿಸುತ್ತದೆ. ಆ ರೂಪದಲ್ಲಿ ಅದು ರಕ್ತದಿಂದ ಮೆದುಳಿಗೆ ದಾಟಲಾರದು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ಹಾಗೇ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ತೊಡೆಗೂ ತಲೆಗೂ ಸಂಬಂಧ ಇದೆ ಅನ್ನುವುದು ಈಗ ಬರೀ ಊಹೆಯಾಗಿ ಉಳಿದಿಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳೂ ಇವೆ. 2005ರಲ್ಲಿ ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ, 60 ದಾಟಿದ 60 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರ, ವಾರಕ್ಕೆ ಮೂರು ದಿನ ಭಾರದ ವ್ಯಾಯಾಮ. ಇನ್ನೊಂದಕ್ಕೆ ಅದೇ ವ್ಯಾಯಾಮ, ಆದರೆ ತೀರಾ ಹಗುರ ತೂಕ. ಮೂರನೆಯದಕ್ಕೆ ಮಾಮೂಲಿ ವೈದ್ಯರ ಚಿಕಿತ್ಸೆ. ಖಿನ್ನತೆಯ ಅಂಕ ಅರ್ಧಕ್ಕೆ ಇಳಿದವರು ಮೊದಲ ಗುಂಪಿನಲ್ಲಿ ಶೇಕಡಾ 61, ಹಗುರ ತೂಕದವರಲ್ಲಿ 29, ಮೂರನೆಯದರಲ್ಲಿ 21. ಸಣ್ಣ ಅಧ್ಯಯನ ನಿಜ. ಆದರೆ 2018ರಲ್ಲಿ ಇಂಥ 33 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಭಾರದ ವ್ಯಾಯಾಮದಿಂದ ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ ಎಂದೇ ಕಂಡಿತು. ಇದರಲ್ಲಿ ನಿಮಗೆ ಬೇಕಾದ ಮಾತು ಇಷ್ಟೇ: ಕುರ್ಚಿಯಲ್ಲಿ ಕೂತು ಸುಮ್ನೆ ಕೈ ಆಡಿಸಿದರೆ ಸಾಲದು, ಮಾಂಸಖಂಡಕ್ಕೆ ಶ್ರಮ ಗೊತ್ತಾಗಬೇಕು.

ಹಾಗಂತ ವ್ಯಾಯಾಮ ಮಾಡಿಸಿದರೆ ಸಾಕು, ಮನಸ್ಸಿಗೆ ಬೇರೆ ಚಿಕಿತ್ಸೆ ಬೇಡ ಅಂತಲೂ ಅಂದುಕೊಳ್ಳಬೇಡಿ. ನಿಮ್ಮ ಅತ್ತಿಗೆಯ ಮಾತಿನಲ್ಲಿ ತೂಕವಿದೆ. ಹಿರಿಯರ ಖಿನ್ನತೆ ಅಳುವಿನ ರೂಪದಲ್ಲಿ ಬರುವುದು ಕಡಿಮೆ. ಮೈಕೈ ನೋವು, ಸುಸ್ತು, ಹೊಟ್ಟೆ ಸರಿಯಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಸಣ್ಣದಕ್ಕೂ ಸಿಟ್ಟು, ಯಾವುದೂ ಬೇಡ ಅನ್ನುವುದು, ಹೀಗೆ ಬರುತ್ತದೆ. ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಗೊತ್ತಾಗುವುದಿಲ್ಲ. ಭಾರತದ ಹಿರಿಯರ ಬಗ್ಗೆ 2017-18ರಲ್ಲಿ ನಡೆದ 'ಲಾಸಿ' ಸಮೀಕ್ಷೆಯಲ್ಲಿ, ಪ್ರಶ್ನೆ ಕೇಳಿ ಪರೀಕ್ಷಿಸಿದಾಗ 60 ದಾಟಿದವರಲ್ಲಿ ಶೇಕಡಾ 8.3 ಮಂದಿಗೆ ಖಿನ್ನತೆ ಕಂಡುಬಂತು. ಅದೇ ಜನರಲ್ಲಿ 'ನನಗೆ ಡಿಪ್ರೆಷನ್ ಇದೆ ಅಂತ ಡಾಕ್ಟರು ಹೇಳಿದ್ದಾರೆ' ಅಂದವರು ಬರೀ 0.8. ಹತ್ತರಲ್ಲಿ ಒಂಬತ್ತು ಮಂದಿಗೆ ಹೆಸರೇ ಇಡದ ಕಾಯಿಲೆ ಇದು.

'ಸಾಕು, ಇನ್ನೇನಿದೆ' ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫೋನಿನಲ್ಲಲ್ಲ, ಎದುರಿಗೆ ಕೂತು ನೇರವಾಗಿ ಕೇಳಿ: 'ಅಪ್ಪಾ, ಬದುಕೇ ಬೇಡ ಅಂತ ಅನ್ನಿಸುತ್ತಾ? ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬರುತ್ತಾ?' ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ಬೇಡ. ಕೇಳಿದರೆ ಎಷ್ಟೋ ಜನರಿಗೆ ಮನಸ್ಸು ಹಗುರಾಗುತ್ತದೆ. ಹೌದು ಅಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೆ, ಅವತ್ತೇ ವೈದ್ಯರ ಹತ್ತಿರ ಹೋಗಿ. ಅಲ್ಲಿವರೆಗೆ ಒಂಟಿಯಾಗಿ ಬಿಡಬೇಡಿ. ನಿದ್ರೆ ಮಾತ್ರೆ ಅಮ್ಮನ ಹತ್ತಿರ ಇರಲಿ, ಮನೆಯಲ್ಲಿ ತೋಟಕ್ಕೆ ಹೊಡೆಯುವ ಕೀಟನಾಶಕ ಇದ್ದರೆ ಹೊರಗೆ ಸಾಗಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಯಾರ ಹತ್ತಿರ ಮೊದಲು ಅಂದಿರಿ. ಅಂಥ ತುರ್ತು ಇಲ್ಲದಿದ್ದರೆ ಮೊದಲು ಒಬ್ಬ ಫಿಸಿಷಿಯನ್ ಹತ್ತಿರ. ಕಾರಣ ಇದೆ. ಪ್ರಯತ್ನ ಪಡದೆ ಇಷ್ಟು ತೂಕ ಇಳಿದರೆ ಸಾರ್ಕೊಪೀನಿಯಾ, ಖಿನ್ನತೆ ಎಂದು ತೀರ್ಮಾನಿಸುವ ಮೊದಲು ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಹತೋಟಿ ತಪ್ಪಿದ ಶುಗರ್, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಎಲ್ಲವೂ ಹೀಗೇ ತೂಕ ಇಳಿಸಬಲ್ಲವು. ನ್ಯುಮೋನಿಯಾ ಆದವರಾದ್ದರಿಂದ ಎದೆಯ ಎಕ್ಸ್‌ರೇ ಮತ್ತೊಮ್ಮೆ ಆಗಲಿ. ಥೈರಾಯ್ಡ್, ಹಿಮೋಗ್ಲೋಬಿನ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ವಿಟಮಿನ್ ಡಿ ನೋಡಿಸಿ. ಬಿ12 ಅಂತೂ ಮರೆಯಬೇಡಿ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ಬಿ12 ಕೊರತೆ ಕಾಲಿನ ಬಲವನ್ನೂ ಕೆಡಿಸುತ್ತದೆ, ಮನಸ್ಸನ್ನೂ ಮಂಕು ಮಾಡುತ್ತದೆ.

ನಿದ್ರೆ ಮಾತ್ರೆಯ ಹೆಸರು ನೀವು ಬರೆದಿಲ್ಲ. ಆಲ್‌ಪ್ರಜೋಲಾಮ್ ಥರದ್ದಾಗಿದ್ದರೆ ಅದರಿಂದ ಹಗಲು ಮಂಕು, ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವ ಅಪಾಯ ಎರಡೂ ಇದೆ. ಆದರೆ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ವೈದ್ಯರೇ ನಿಧಾನವಾಗಿ ಇಳಿಸಲಿ. ಅದೇ ವಾರ ಮನೋವೈದ್ಯರನ್ನೂ ಕಾಣಿ. ಅವರು ಖಿನ್ನತೆಗೆ ಮಾತ್ರೆ ಬರೆದರೆ ಹಿಂಜರಿಯಬೇಡಿ. ಹಿರಿಯರಲ್ಲಿ ಅದು ಕೆಲಸ ತೋರಿಸಲು ಒಂದೂವರೆ ತಿಂಗಳಾದರೂ ಬೇಕು. ಕೆಲವರಿಗೆ ಮೊದಲ ವಾರಗಳಲ್ಲಿ ರಕ್ತದ ಸೋಡಿಯಂ ಇಳಿಯುತ್ತದೆ. ಅದನ್ನು ಪರೀಕ್ಷಿಸಬೇಕಾ ಅಂತ ಕೇಳಿಕೊಳ್ಳಿ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಹಿರಿಯರ ಊಟ ವಯಸ್ಸಾದಂತೆ ಮೆತ್ತಗಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಅವಲಕ್ಕಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಟೀ ಜೊತೆ ಎರಡು ಬಿಸ್ಕತ್ತು, ರಾತ್ರಿ ಒಂದಿಷ್ಟು ಮೊಸರನ್ನ. 'ಅವರಿಗೆ ಅಷ್ಟೇ ಜೀರ್ಣ ಆಗೋದು' ಅನ್ನುತ್ತಾರೆ. ಶುಗರ್ ಇದ್ದರೆ ಅದರಲ್ಲೂ ಕಡಿತ. ಇಂಥ ಊಟದಲ್ಲಿ ದಿನಕ್ಕೆ 35 ಗ್ರಾಂ ಪ್ರೊಟೀನ್ ದಾಟುವುದು ಕಷ್ಟ. ಹಿರಿಯರಿಗೆ ದೇಹದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಬೇಕು, ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ 1.5ರವರೆಗೂ. ನಿಮ್ಮ ತಂದೆಗೆ ಹತ್ತಿರ ಹತ್ತಿರ 65 ಗ್ರಾಂ ಆಯಿತು. ಎಳೆಯ ವಯಸ್ಸಿನಲ್ಲಿ ಕಡಿಮೆ ಪ್ರೊಟೀನ್‌ಗೂ ಮಾಂಸಖಂಡ ಬೆಳೆಯುತ್ತದೆ. ವಯಸ್ಸಾದ ಮಾಂಸಖಂಡಕ್ಕೆ ಒಂದು ಹೊತ್ತಿಗೆ ಸ್ವಲ್ಪ ಜಾಸ್ತಿಯೇ ಸಿಗಬೇಕು, ಇಲ್ಲದಿದ್ದರೆ ಅದು ಬೆಳೆಯುವ ಕೆಲಸಕ್ಕೇ ಇಳಿಯುವುದಿಲ್ಲ. ಹಾಗಾಗಿ ಮಧ್ಯಾಹ್ನ ಒಂದೇ ಹೊತ್ತು ಬೇಳೆ ತಿಂದರೆ ಆಗದು, ಮೂರೂ ಹೊತ್ತಿಗೆ ಹಂಚಬೇಕು.

ಬೆಳಿಗ್ಗೆ ಉಪ್ಪಿಟ್ಟಿನ ಬದಲು ಹೆಸರುಕಾಳಿನ ದೋಸೆ ಎರಡು, ಜೊತೆಗೆ ಒಂದು ಲೋಟ ಹಾಲು. ಅಲ್ಲಿಗೇ 20 ಗ್ರಾಂ ಹತ್ತಿರ ಬಂತು. ಮಧ್ಯಾಹ್ನ ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ನಿಮ್ಮ ಕಡೆ ಇದೆಲ್ಲ ಮನೆಯಲ್ಲೇ ಇರುವ ಊಟ. ಹಲ್ಲು ಸರಿಯಿಲ್ಲದಿದ್ದರೆ ಕಾಳನ್ನು ಚೆನ್ನಾಗಿ ಬೇಯಿಸಿ, ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಕೊಡಿ. ಸಂಜೆ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಹುರಿಗಡಲೆ. ಅಗಿಯಲು ಆಗದಿದ್ದರೆ ಪುಡಿ ಮಾಡಿ ಹಾಲಿಗೆ ಹಾಕಿ. ರಾತ್ರಿ ಮೊಸರನ್ನ ಇರಲಿ, ಪಕ್ಕದಲ್ಲಿ ಗಟ್ಟಿ ಬೇಳೆಯೋ ಒಂದಿಷ್ಟು ಪನೀರೋ ಇರಲಿ. ಪ್ರೊಟೀನ್ ಪುಡಿಯ ಡಬ್ಬಿ ನನ್ನ ಮೊದಲ ಆಯ್ಕೆಯಲ್ಲ. ಹಸಿವೇ ಇಲ್ಲದವರಿಗೆ ಸ್ವಲ್ಪ ದಿನ ಅದು ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಕ್ರಿಯಾಟಿನಿನ್ ಜಾಸ್ತಿ ಇದ್ದರೆ, ಅಂದರೆ ಕಿಡ್ನಿ ಸೋತಿದ್ದರೆ, ಈ ಲೆಕ್ಕ ಬೇರೆ. ವೈದ್ಯರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಬೇಡಿ.

ಇನ್ನು ವ್ಯಾಯಾಮ. ವಾಕಿಂಗ್ ಮಾಡಿಸುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ವಾಕಿಂಗ್ ಹೃದಯಕ್ಕೆ, ಶುಗರ್‌ಗೆ ಒಳ್ಳೆಯದು. ಕರಗಿದ ತೊಡೆಯನ್ನು ಮತ್ತೆ ಕಟ್ಟಲು ಅದು ಸಾಲದು. ಹೃದಯ, ಬಿಪಿ ನೋಡಿ ವೈದ್ಯರು ಒಪ್ಪಿದ ಮೇಲೆ ಕುರ್ಚಿಯಿಂದಲೇ ಶುರುಮಾಡಿ. ಕುರ್ಚಿಯ ಮೇಲೆ ಗಟ್ಟಿಯಾಗಿ ಮಡಿಸಿದ ಜಮಖಾನ ಹಾಕಿ ಎತ್ತರ ಮಾಡಿ, ಆಗ ಏಳುವುದು ಸುಲಭ. ಏಳುವಾಗ ಉಸಿರು ಬಿಡಬೇಕು, ಬಿಗಿ ಹಿಡಿಯಬಾರದು. ಕೂರುವಾಗ ಧೊಪ್ ಅಂತ ಬೀಳದೆ, ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನ ಇಳಿಯಬೇಕು. ಈ ನಿಧಾನದ ಇಳಿತದಲ್ಲೇ ತೊಡೆಗೆ ಅರ್ಧ ಕೆಲಸ ಸಿಗುತ್ತದೆ. ಐದು ಸಲ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಐದು ಸಲ. ಆಮೇಲೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು. ದಿನ ಬಿಟ್ಟು ದಿನ ಸಾಕು, ನಡುವಿನ ದಿನ ಮಾಂಸಖಂಡ ದುರಸ್ತಿಯಾಗುತ್ತದೆ. ಸುಲಭ ಅನ್ನಿಸತೊಡಗಿದ ಕೂಡಲೇ ಜಮಖಾನ ತೆಗೆಯಿರಿ. ಅದೂ ಸುಲಭವಾದರೆ ಎರಡು ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಏಳಲಿ. ಹೀಗೆ ಏರುತ್ತಾ ಹೋಗದಿದ್ದರೆ ಬಲವೂ ಏರುವುದಿಲ್ಲ. ಎರಡು ದಿನದ ಸಣ್ಣ ಮೈಕೈ ನೋವು ಸಾಮಾನ್ಯ. ಎದೆನೋವು, ತಲೆಸುತ್ತು, ಮಾತಾಡಲು ಆಗದಷ್ಟು ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ತೋರಿಸಿ. ಮೊದಲ ಕೆಲವು ದಿನ ಮನೆಗೇ ಒಬ್ಬ ಫಿಸಿಯೋಥೆರಪಿಸ್ಟ್ ಬಂದು ಕಲಿಸಿದರೆ ಅಪ್ಪನಿಗೂ ಧೈರ್ಯ.

72 ತಡವಾಯಿತು ಅಂತ ಅನ್ನಿಸಿದರೆ ಇದನ್ನು ಕೇಳಿ. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸರಾಸರಿ 90 ವರ್ಷದ, ದುರ್ಬಲರಾಗಿದ್ದ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಆ ವಯಸ್ಸಿನಲ್ಲೂ ಮಾಂಸಖಂಡ ಹೇಳಿದ ಮಾತು ಕೇಳಿತು.

ಮನೆಯಲ್ಲಿ ಬದಲಾಗಬೇಕಾದ ಒಂದು ವಿಷಯ ನಿಮಗೆ ಕಷ್ಟ ಆಗಬಹುದು. ಪ್ರೀತಿಯಿಂದ ನಾವು ಹಿರಿಯರಿಗೆ ನೀರಿನ ಲೋಟ, ರಿಮೋಟು, ಚಪ್ಪಲಿ ಎಲ್ಲವನ್ನೂ ಕೈಗೇ ತಂದುಕೊಡುತ್ತೇವೆ. ಅವರು ದಿನಕ್ಕೆ ಹತ್ತು ಸಲ ಏಳುವ ಅವಕಾಶವನ್ನು ಹೀಗೆ ಕಿತ್ತುಕೊಳ್ಳುತ್ತೇವೆ. ನೀರಿನ ಬಿಂದಿಗೆ ಅಡುಗೆಮನೆಯಲ್ಲೇ ಇರಲಿ, ಅವರೇ ಎದ್ದು ಹೋಗಿ ಕುಡಿಯಲಿ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ಜಾರುವ ನೆಲಕ್ಕೆ ಮ್ಯಾಟ್ ಹಾಕಿ, ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಬೀಳುವ ಭಯ ಕಡಿಮೆಯಾಗಲಿ, ಓಡಾಟ ಅಲ್ಲ. ಪಾರ್ಕಿಗೆ ಈಗಲೇ ಹೋಗಲಾರರು. ಅವರ ಒಬ್ಬ ಗೆಳೆಯರಿಗೆ ಫೋನ್ ಮಾಡಿ, ವಾರಕ್ಕೆ ಎರಡು ಸಂಜೆ ಮನೆಗೆ ಬರಲು ಕೇಳಿ. ಮೇಷ್ಟ್ರಾಗಿದ್ದವರಿಗೆ ಕಲಿಸುವ ಕೆಲಸ ಕೊಡಿ. ಪಕ್ಕದ ಮನೆ ಹುಡುಗನಿಗೆ ಲೆಕ್ಕ ಹೇಳಿಕೊಡಲಿ. ಬ್ಯಾಂಕಿಗೆ ಹೋಗುವ ಕೆಲಸವನ್ನು ಅಣ್ಣ ಮಾಡುತ್ತಿದ್ದರೆ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಲಿ, ಸಹಿ ಅವರೇ ಹಾಕಲಿ. ಬೇಡ ಅಂದರೆ ವಾದ ಮಾಡಬೇಡಿ, ಬೈಯಬೇಡಿ. ಖಿನ್ನತೆ ಇರುವವರಿಗೆ ಮೊದಲು ಹುರುಪು ಬಂದು ಆಮೇಲೆ ಕೆಲಸ ಶುರುವಾಗುವುದಿಲ್ಲ. ಸಣ್ಣ ಕೆಲಸ ಶುರುವಾದ ಮೇಲೆ ಹುರುಪು ಬರುತ್ತದೆ.

ಬಲ ಹೆಚ್ಚುವುದು ಕೆಲವು ವಾರಗಳಲ್ಲೇ ಗೊತ್ತಾಗುತ್ತದೆ, ತೊಡೆ ತುಂಬಲು ತಿಂಗಳುಗಳು ಬೇಕು. ತಿಂಗಳಿಗೊಮ್ಮೆ ಕುರ್ಚಿಯ ಪರೀಕ್ಷೆ ಮಾಡಿ, ತೂಕ ನೋಡಿ. ಚೆನ್ನಾಗಿ ತಿಂದೂ ತೂಕ ಇಳಿಯುತ್ತಲೇ ಇದ್ದರೆ ಕಾಯಬೇಡಿ, ಮತ್ತೆ ಪರೀಕ್ಷೆ ಆಗಬೇಕು.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಅಮ್ಮನ ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲ. ಎಂಟು ತಿಂಗಳಿಂದ ಅಪ್ಪನನ್ನು ನೋಡಿಕೊಳ್ಳುತ್ತಿರುವವರು ಅವರು. ಹೆಂಗಸರಲ್ಲಿ ಮಾಂಸಖಂಡ ಮೊದಲೇ ಕಡಿಮೆ, ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ತಿನ್ನುವ ಅಭ್ಯಾಸ ಬೇರೆ. ಟೇಪ್ ಹಿಡಿದಾಗ ಅವರ ಮೀನಖಂಡವನ್ನೂ ಅಳೆಯಿರಿ. ರಾತ್ರಿ ನಿದ್ರೆ ಬರುತ್ತಾ, ಊಟ ಸೇರುತ್ತಾ ಅಂತ ಅವರನ್ನೂ ಕೇಳಿ. ಹೆಸರುಕಾಳಿನ ದೋಸೆ ಅವರ ತಟ್ಟೆಗೂ ಎರಡು ಬೀಳಲಿ. ಕುರ್ಚಿಯ ವ್ಯಾಯಾಮ ಇಬ್ಬರೂ ಎದುರುಬದುರು ಕೂತು ಮಾಡಲಿ. ಜೊತೆಗೊಬ್ಬರಿದ್ದರೆ ತಪ್ಪಿಸುವುದೂ ಕಡಿಮೆಯಾಗುತ್ತದೆ.